ಪಿಯುಸಿಗೆ ನಾಟಕ ಬಂದರೆ ಅಂಕ ಹಾಕುವವರು ಯಾರು?

ಹಾಸನ, ಚಿಕ್ಕಮಗಳೂರಿನ ಪಾಲಕರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುವ ಶಿಕ್ಷಣ ಸುದ್ದಿಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ನಾಟಕ, ಸಂಗೀತ, ಚಿತ್ರಕಲೆ ಇನ್ನು ಮುಂದೆ ಗಣಿತ ವಿಜ್ಞಾನದಷ್ಟೇ ತೂಕದ ವಿಷಯಗಳು ಎನ್ನುತ್ತದೆ ಒಂದು ಸುದ್ದಿ. ಕೇಂದ್ರದ ನೀತಿ ನಮ್ಮ ರಾಜ್ಯಕ್ಕೆ ಅನ್ವಯಿಸುವುದೇ ಇಲ್ಲ ಎನ್ನುತ್ತದೆ ಮತ್ತೊಂದು. ಇವೆರಡರ ನಡುವೆ, ಎಸ್ಸೆಸ್ಸೆಲ್ಸಿ ಮುಗಿಸಿ ನಾಟಕದ ಗುಂಗಿನಲ್ಲಿರುವ ಹುಡುಗಿಯೊಬ್ಬಳು "ಪಿಯುನಲ್ಲಿ ಥಿಯೇಟರ್ ತಗೊಳ್ಳಬಹುದಾ?" ಎಂದು ಕೇಳಿದರೆ ಮನೆಯಲ್ಲಿ ಉತ್ತರ ಹೇಳುವವರಿಲ್ಲ.

ಸದ್ಯದ ಉತ್ತರ ಚಿಕ್ಕದು. ರಾಜ್ಯ ಪಠ್ಯಕ್ರಮದ ಪಿಯುಸಿಯಲ್ಲಿ ನಾಟಕ ಎಂಬ ಐಚ್ಛಿಕ ವಿಷಯ ಇಲ್ಲ. ಹಿಂದೂಸ್ತಾನಿ ಸಂಗೀತ ಇದೆ, ಕರ್ನಾಟಕ ಸಂಗೀತ ಇದೆ, ರಿಟೇಲ್, ಆಟೊಮೊಬೈಲ್, ಬ್ಯೂಟಿ ಆ್ಯಂಡ್ ವೆಲ್‌ನೆಸ್ ಕೂಡ ಇವೆ. ಯಾಕಿಲ್ಲ, ಬರಬೇಕಾದರೆ ಏನೇನು ಬದಲಾಗಬೇಕು, ಬಂದರೆ ಏನಾದೀತು ಎಂಬುದಕ್ಕೆ ಮಾತ್ರ ಉದ್ದದ ಉತ್ತರ ಬೇಕು.

ಎರಡು ದಸ್ತಾವೇಜು, ಎರಡು ದಾರಿ

ಗೊಂದಲ ಹುಟ್ಟಿದ್ದು ಕೇಂದ್ರದಲ್ಲಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿ, ಪಠ್ಯ ಮತ್ತು ಪಠ್ಯೇತರ ಎಂಬ ಗೋಡೆ ಇರಕೂಡದು ಎಂದಿತು. ಅದರ ಬೆನ್ನಿಗೆ 2023ರ ಆಗಸ್ಟ್‌ನಲ್ಲಿ ಬಂದ ಶಾಲಾ ಶಿಕ್ಷಣದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಒಂದು ಹೆಜ್ಜೆ ಮುಂದೆ ಹೋಗಿ, 9 ಮತ್ತು 10ನೇ ತರಗತಿಯ ಹತ್ತು ವಿಷಯಗಳಲ್ಲಿ ಕಲಾ ಶಿಕ್ಷಣವನ್ನೂ ಸೇರಿಸಿತು. ಕಲಾ ಶಿಕ್ಷಣ ಅಂದರೆ ಚಿತ್ರಕಲೆ, ಸಂಗೀತ, ನೃತ್ಯ ಮತ್ತು ನಾಟಕ. 11, 12ನೇ ತರಗತಿಗೆ ಅದು ಹೇಳುವುದು ಇನ್ನೂ ದಿಟ್ಟ ಮಾತು. ಭಾಷೆಗಳನ್ನು ಬಿಟ್ಟು ಉಳಿದ ವಿಷಯಗಳನ್ನು ಮೂರು ಗುಂಪು ಮಾಡಿ, ವಿದ್ಯಾರ್ಥಿ ಕನಿಷ್ಠ ಎರಡು ಗುಂಪುಗಳಿಂದ ವಿಷಯ ಆಯ್ದುಕೊಳ್ಳಬೇಕು ಎನ್ನುತ್ತದೆ. ಅಂದರೆ ಭೌತಶಾಸ್ತ್ರ, ಗಣಿತದ ಜೊತೆಗೆ ರಂಗಕಲೆ ಓದುವುದು ಕಾಗದದ ಮೇಲಂತೂ ಸಾಧ್ಯ.

ಆದರೆ ಶಿಕ್ಷಣ 1976ರಿಂದ ಸಮವರ್ತಿ ಪಟ್ಟಿಯಲ್ಲಿದೆ, ಅಂದರೆ ಕೇಂದ್ರ, ರಾಜ್ಯ ಎರಡೂ ಕಾನೂನು ಮಾಡಬಹುದಾದ ವಿಷಯ. ಕೇಂದ್ರ ಹೇಳಿದ್ದನ್ನೆಲ್ಲ ರಾಜ್ಯ ಪಾಲಿಸಬೇಕೆಂದಿಲ್ಲ. ಕರ್ನಾಟಕ ಸರ್ಕಾರ ಆ ನೀತಿಯನ್ನು ಕೈಬಿಟ್ಟು, ಪ್ರೊ. ಸುಖದೇವ್ ಥೋರಟ್ ಅಧ್ಯಕ್ಷತೆಯಲ್ಲಿ 2023ರಲ್ಲಿ ಬೇರೆಯೇ ಆಯೋಗ ರಚಿಸಿತು. ಅದರ ಅಂತಿಮ ವರದಿ 2025ರ ಆಗಸ್ಟ್‌ನಲ್ಲಿ ಸಲ್ಲಿಕೆಯಾಯಿತು. ಪತ್ರಿಕೆಗಳಲ್ಲಿ ಹೆಚ್ಚು ಚರ್ಚೆಯಾದ ಅದರ ಶಿಫಾರಸುಗಳು ಎರಡು: ಮೂರರ ಬದಲು ಎರಡೇ ಭಾಷೆ ಕಲಿಸುವ ದ್ವಿಭಾಷಾ ಸೂತ್ರ, ಮತ್ತು 2+8+4 (ಪೂರ್ವ ಪ್ರಾಥಮಿಕ ಎರಡು ವರ್ಷ, ಪ್ರಾಥಮಿಕ ಎಂಟು, ಪ್ರೌಢ ನಾಲ್ಕು) ಎಂಬ ಹೊಸ ರಚನೆ. ಈ ರಚನೆ ಬಂದರೆ 9ರಿಂದ 12ರವರೆಗೆ ಒಂದೇ ಘಟ್ಟ. ವರದಿ ಆದೇಶವಲ್ಲ ಎಂಬುದನ್ನು ನೆನಪಿಡಬೇಕು. ಆದರೆ ಈ ಎರಡು ಶಿಫಾರಸುಗಳೂ, ನಾಟಕದ ಮಾತೆತ್ತದಿದ್ದರೂ, ನಾಟಕದ ಪ್ರಶ್ನೆಗೆ ನೇರವಾಗಿ ತಗಲುತ್ತವೆ. ಹೇಗೆಂಬುದನ್ನು ಮುಂದೆ ನೋಡೋಣ.

ಹೀಗಾಗಿ ಒಂದೇ ಜಿಲ್ಲೆಯಲ್ಲಿ ಎರಡು ಕಾನೂನು. ಹಾಸನ ಜಿಲ್ಲೆಯ ಮಾವಿನಕೆರೆಯಲ್ಲೂ ಚಿಕ್ಕಮಗಳೂರು ಜಿಲ್ಲೆಯ ಬಾಳೆಹೊನ್ನೂರಿನಲ್ಲೂ ಇರುವ ನವೋದಯ ವಿದ್ಯಾಲಯಗಳು ಸಿಬಿಎಸ್‌ಇ ವ್ಯಾಪ್ತಿಯವು. ಅಲ್ಲಿಗೆ ಬರುವ ಬದಲಾವಣೆ ಪಕ್ಕದೂರಿನ ಸರ್ಕಾರಿ ಪಿಯು ಕಾಲೇಜಿಗೆ ಬರುವುದಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಸುದ್ದಿ ಸುಳ್ಳಲ್ಲ. ಯಾವ ಶಾಲೆಯ ಬಗ್ಗೆ ಎಂಬುದೊಂದು ಅದರಲ್ಲಿ ಬಿಟ್ಟುಹೋಗಿರುತ್ತದೆ.

ನಾಟಕದ ಮೂಲಕ ಪಾಠವೋ, ನಾಟಕದ್ದೇ ಪಾಠವೋ

ಪರ ವಿರೋಧದ ಚರ್ಚೆಯಲ್ಲಿ ಅರ್ಧದಷ್ಟು ಜಗಳ ಈ ಎರಡನ್ನು ಬೆರೆಸುವುದರಿಂದಲೇ ಆಗುತ್ತದೆ.

ಪಾಠವನ್ನು ನಾಟಕ ಮಾಡಿ ಕಲಿಸುವುದು ನಮಗೆ ಹೊಸದಲ್ಲ. ಇತಿಹಾಸದ ಮೇಷ್ಟ್ರು ಮಕ್ಕಳಿಗೆ ಪೇಟ ಕಟ್ಟಿಸಿ ಸಂಧಾನದ ದೃಶ್ಯ ಆಡಿಸುತ್ತಾರೆ. ವಿಜ್ಞಾನ ನಾಟಕ ಸ್ಪರ್ಧೆ ಪ್ರತಿವರ್ಷ ನಡೆಯುತ್ತದೆ. ಪ್ರತಿಭಾ ಕಾರಂಜಿ ಕ್ಲಸ್ಟರ್‌ನಿಂದ ರಾಜ್ಯ ಮಟ್ಟದವರೆಗೆ ಹೋಗುತ್ತದೆ. ಇಲ್ಲೆಲ್ಲ ನಾಟಕ ಒಂದು ಸಾಧನ, ಅಥವಾ ಒಂದು ಸ್ಪರ್ಧೆ. ಬಹುಮಾನ ಬಂದರೆ ಪ್ರಮಾಣಪತ್ರ, ಬಾರದಿದ್ದರೆ ಮರುದಿನ ತರಗತಿ. ಅಂಕಪಟ್ಟಿಯ ಮೊತ್ತಕ್ಕೆ ಅದರಿಂದ ಏನೂ ಸೇರುವುದಿಲ್ಲ.

ನಾಟಕವನ್ನೇ ವಿಷಯವಾಗಿ ಓದುವುದು ಬೇರೆ. ಅದಕ್ಕೆ ಪಠ್ಯಕ್ರಮ ಬೇಕು, ವಾರಕ್ಕಿಷ್ಟು ಪೀರಿಯಡ್ ಬೇಕು, ಅದನ್ನೇ ಕಲಿತ ಉಪನ್ಯಾಸಕರು ಬೇಕು, ಕೊನೆಗೆ ಹೊರಗಿನವರು ಬಂದು ಅಳೆಯುವ ಪರೀಕ್ಷೆ ಬೇಕು. ಒಂದು ಉದಾಹರಣೆ ನೋಡಿ. ಪ್ರಥಮ ಪಿಯುಸಿಯ ಕನ್ನಡ ಪಠ್ಯದಲ್ಲಿ ಚಂದ್ರಶೇಖರ ಕಂಬಾರರ 'ಬೋಳೇಶಂಕರ' ನಾಟಕವನ್ನು ಹಲವು ವರ್ಷ ಮಕ್ಕಳು ಓದಿದ್ದಾರೆ. ಪರೀಕ್ಷೆಯಲ್ಲಿ ನಾಟಕದ ಬಗ್ಗೆ ಕೇಳುವುದು ಗದ್ಯಪಾಠದ ಬಗ್ಗೆ ಕೇಳುವುದನ್ನೇ: ಈ ಮಾತನ್ನು ಯಾರು ಯಾರಿಗೆ ಹೇಳಿದರು, ಸಂದರ್ಭ ಸಹಿತ ವಿವರಿಸಿ. ಆ ಮಾತು ಹೇಳುವಾಗ ಪಾತ್ರಧಾರಿ ರಂಗದ ಯಾವ ಮೂಲೆಯಲ್ಲಿ ನಿಂತಿರಬೇಕು, ಎದುರಿನವನ ಕಡೆ ನೋಡಬೇಕೋ ಪ್ರೇಕ್ಷಕರ ಕಡೆಯೋ, ಮಾತಿಗೆ ಮೊದಲು ಎಷ್ಟು ಹೊತ್ತು ಸುಮ್ಮನಿರಬೇಕು, ದೀಪ ಎಲ್ಲಿಂದ ಬೀಳಬೇಕು ಎಂಬುದು ಕನ್ನಡ ಪತ್ರಿಕೆಯ ಪ್ರಶ್ನೆಯಲ್ಲ, ಆಗಬೇಕಾಗಿಯೂ ಇಲ್ಲ. ಅವೇ ಪ್ರಶ್ನೆಗಳಿಗೆ ಅಂಕ ಬಂದಾಗ ಅದು ರಂಗಕಲೆ ಎಂಬ ವಿಷಯವಾಗುತ್ತದೆ.

ಬೇರೆ ಕಡೆ ಹೇಗೆ ಅಳೆಯುತ್ತಾರೆ

ಇಂಗ್ಲೆಂಡಿನಲ್ಲಿ ನಮ್ಮ ಪಿಯುಸಿಗೆ ಸಮನಾದ ಎ ಲೆವೆಲ್‌ನಲ್ಲಿ 'ಡ್ರಾಮಾ ಆ್ಯಂಡ್ ಥಿಯೇಟರ್' ಒಂದು ವಿಷಯ. ಅಲ್ಲಿನ ದೊಡ್ಡ ಪರೀಕ್ಷಾ ಮಂಡಳಿಗಳಲ್ಲೊಂದಾದ ಎಕ್ಯೂಎ ಅಂಕವನ್ನು ಹಂಚುವ ರೀತಿ ನಮಗೆ ಉಪಯೋಗಕ್ಕೆ ಬರುವಂಥದ್ದು. ಶೇ 40 ಮೂರು ಗಂಟೆಯ ಲಿಖಿತ ಪರೀಕ್ಷೆಗೆ. ಶೇ 30 ಮಕ್ಕಳೇ ಕೂಡಿ ಕಟ್ಟಿದ ಹೊಸ ನಾಟಕಕ್ಕೆ ಮತ್ತು ಕಟ್ಟುತ್ತಾ ಬರೆದಿಟ್ಟ ಟಿಪ್ಪಣಿ ಪುಸ್ತಕಕ್ಕೆ. ಉಳಿದ ಶೇ 30 ಈಗಾಗಲೇ ಇರುವ ನಾಟಕದ ದೃಶ್ಯವನ್ನು ರಂಗಕ್ಕೆ ತರುವುದಕ್ಕೆ.

ಇದರಲ್ಲಿ ಗಮನಿಸಬೇಕಾದ್ದು, ಎಲ್ಲರೂ ನಟಿಸಬೇಕಾಗಿಲ್ಲ. ಬೆಳಕು, ಧ್ವನಿ, ರಂಗಸಜ್ಜಿಕೆ, ಉಡುಪು, ಗೊಂಬೆ ತಯಾರಿಕೆ, ನಿರ್ದೇಶನ, ಯಾವುದನ್ನು ಬೇಕಾದರೂ ಆಯ್ದು ಅದರಲ್ಲೇ ಪರೀಕ್ಷೆ ಕೊಡಬಹುದು. 'ಸಂಕೋಚದ ಮಕ್ಕಳ ಗತಿಯೇನು' ಎಂಬ ನಮ್ಮ ಪಾಲಕರ ದೊಡ್ಡ ಆಕ್ಷೇಪಕ್ಕೆ ಅರ್ಧ ಉತ್ತರ ಇಲ್ಲೇ ಸಿಗುತ್ತದೆ. ಲಿಖಿತ ಪತ್ರಿಕೆಯಲ್ಲಿ, ತಾನು ನೋಡಿದ ಒಂದು ಪ್ರದರ್ಶನವನ್ನು ವಿದ್ಯಾರ್ಥಿ ವಿಶ್ಲೇಷಿಸಬೇಕು. ಅಂದರೆ ನಾಟಕ ನೋಡುವುದೂ ಪಾಠವೇ.

ಅದೇ ಇಂಗ್ಲೆಂಡ್ ಕೊಡುವ ಇನ್ನೊಂದು ಪಾಠ ಕಹಿ. ಶಾಲೆಗಳನ್ನು ಅಳೆಯಲು 2010ರಲ್ಲಿ ಅಲ್ಲಿನ ಸರ್ಕಾರ 'ಇಬ್ಯಾಕ್' ಎಂಬ ಅಳತೆಗೋಲು ತಂದಿತು. ಇಂಗ್ಲಿಷ್, ಗಣಿತ, ವಿಜ್ಞಾನ, ಒಂದು ಭಾಷೆ, ಇತಿಹಾಸ ಅಥವಾ ಭೂಗೋಳ, ಇಷ್ಟು ಲೆಕ್ಕಕ್ಕೆ. ನಾಟಕ, ಸಂಗೀತ ಅದರಿಂದ ಹೊರಗುಳಿದವು. ಯಾರೂ ನಾಟಕವನ್ನು ನಿಷೇಧಿಸಲಿಲ್ಲ. ಶಾಲೆಯ ಹೆಸರು ಯಾವ ವಿಷಯಗಳ ಮೇಲೆ ನಿಂತಿದೆಯೋ ಅವುಗಳಿಗೆ ಪೀರಿಯಡ್, ಶಿಕ್ಷಕರು, ದುಡ್ಡು ಹರಿಯಿತು. ಹತ್ತನೇ ತರಗತಿಯ ಮಟ್ಟದಲ್ಲೇ ನಾಟಕ ಆಯ್ದುಕೊಳ್ಳುವ ಮಕ್ಕಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯಿತು. 2025ರ ನವೆಂಬರ್‌ನಲ್ಲಿ, ಪಠ್ಯಕ್ರಮ ಪರಾಮರ್ಶೆಯ ವರದಿ ಬಂದ ಮೇಲೆ, ಅಲ್ಲಿನ ಸರ್ಕಾರ ಆ ಅಳತೆಗೋಲನ್ನು ಕೈಬಿಡುವುದಾಗಿ ಹೇಳಿತು. ನಡುವೆ ಹದಿನೈದು ವರ್ಷ ಕಳೆದಿತ್ತು.

ನಮ್ಮ ಅಳತೆಗೋಲು

ಹಾಸನಕ್ಕೆ ಇದು ಅರ್ಥವಾಗದ ಕಥೆಯಲ್ಲ. 2019ರ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ಹಾಸನ ರಾಜ್ಯಕ್ಕೇ ಮೊದಲ ಸ್ಥಾನ ಪಡೆಯಿತು. ಜಿಲ್ಲೆಯ ಮರ್ಯಾದೆ ಒಂದು ಸಂಖ್ಯೆಗೆ ಅಂಟಿಕೊಂಡ ಮೇಲೆ ಆ ಸಂಖ್ಯೆಗೆ ಸೇರದ್ದೆಲ್ಲ ಪಕ್ಕಕ್ಕೆ ಸರಿಯುತ್ತದೆ. ಇದು ಹಾಸನದ ದೋಷವಲ್ಲ, ಯಾವ ಜಿಲ್ಲೆಯಾದರೂ ಹೀಗೇ ಮಾಡೀತು. ಶಾಲಾ ವಾರ್ಷಿಕೋತ್ಸವ ಬರುವುದು ಡಿಸೆಂಬರ್, ಜನವರಿಯಲ್ಲಿ. ಪೂರ್ವಸಿದ್ಧತಾ ಪರೀಕ್ಷೆ, ವಿಶೇಷ ತರಗತಿ ಶುರುವಾಗುವುದೂ ಆಗಲೇ. ಹತ್ತನೇ ತರಗತಿಯವರನ್ನು ನಾಟಕದ ತಾಲೀಮಿನಿಂದ ಹೊರಗಿಡುವುದು ಹಲವು ಶಾಲೆಗಳಲ್ಲಿ ರೂಢಿಯೇ ಆಗಿದೆ. ಒಂಬತ್ತನೇ ತರಗತಿಯಲ್ಲಿ ಅಭಿಮನ್ಯು ಆಗಿದ್ದವನು ಹತ್ತಕ್ಕೆ ಬಂದ ಮೇಲೆ ಮುಂದಿನ ಸಾಲಿನಲ್ಲಿ ಕುಳಿತು ಚಪ್ಪಾಳೆ ತಟ್ಟುತ್ತಾನೆ.

ಪಿಯುಸಿಯಲ್ಲಿ ಬಿಗಿ ಇನ್ನೂ ಹೆಚ್ಚು. ಎರಡು ಭಾಷೆ, ನಾಲ್ಕು ಐಚ್ಛಿಕ ವಿಷಯ, ಒಟ್ಟು 600 ಅಂಕ. ವಿಜ್ಞಾನದವರಿಗೆ ಪಿಸಿಎಂಬಿ, ಪಿಸಿಎಂಸಿ ಎಂಬಲ್ಲಿಗೆ ನಾಲ್ಕೂ ಜಾಗ ಭರ್ತಿ. ಎಂಜಿನಿಯರಿಂಗ್‌ನ ಸಿಇಟಿ ರ‍್ಯಾಂಕ್‌ಗೆ ಅರ್ಧ ಪಾಲು ಪ್ರವೇಶ ಪರೀಕ್ಷೆಯದು, ಇನ್ನರ್ಧ ಪಿಯುಸಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಅಂಕದ್ದು. ವೈದ್ಯಕೀಯ ಸೀಟಿಗೆ ನೀಟ್ ರ‍್ಯಾಂಕೇ ಎಲ್ಲ. ಹೀಗಿರುವಾಗ ಭೌತಶಾಸ್ತ್ರದ ಪಕ್ಕ ನಾಟಕ ಇಡಲು ಅವಕಾಶ ಕೊಟ್ಟರೂ ಇಟ್ಟುಕೊಳ್ಳುವವರು ಎಷ್ಟು ಮಂದಿ? ಕೇಂದ್ರದ ಚೌಕಟ್ಟು ಗುಂಪುಗಳ ಗೋಡೆ ಒಡೆದಿರಬಹುದು, ಸೀಟು ಹಂಚುವ ಲೆಕ್ಕ ಅದೇ ಗೋಡೆಯನ್ನು ಹಿಂಬಾಗಿಲಿನಿಂದ ಮತ್ತೆ ಕಟ್ಟುತ್ತದೆ.

ಆದ್ದರಿಂದ ನಾಟಕಕ್ಕೆ ಸದ್ಯಕ್ಕೆ ತೆರೆದಿರುವ ಬಾಗಿಲು ಕಲಾ ವಿಭಾಗದ್ದು. ಆದರೆ ಕಲಾ ವಿಭಾಗಕ್ಕೆ ಮಕ್ಕಳೇ ಬರುತ್ತಿಲ್ಲ ಎಂಬ ಕೊರಗು ಮಲೆನಾಡಿನ ಕಾಲೇಜುಗಳಲ್ಲಿ ಹಳೆಯದು. ಇಲ್ಲಿ ಒಂದು ವಾದ ಹುಟ್ಟುತ್ತದೆ: ಇತಿಹಾಸ, ಸಮಾಜಶಾಸ್ತ್ರದ ಜೊತೆಗೆ ನಾಟಕ ಇಟ್ಟರೆ ಮಕ್ಕಳನ್ನು ಸೆಳೆಯಬಹುದು. ಎದುರು ವಾದವೂ ಗಟ್ಟಿಯಾಗಿಯೇ ಇದೆ: ಸಂಗೀತ ಇಟ್ಟಾಗ ಎಷ್ಟು ಕಾಲೇಜು ತೆಗೆದುಕೊಂಡವು? ಪಿಯು ಪರೀಕ್ಷೆಯಲ್ಲಿ ಸಂಗೀತ ಬರೆಯುವವರು ತೀರ ಕಡಿಮೆ. ವಿಷಯ ಪಟ್ಟಿಯಲ್ಲಿದೆ ಎಂದಮಾತ್ರಕ್ಕೆ ನಿಮ್ಮೂರಿನ ಕಾಲೇಜಿನಲ್ಲಿದೆ ಎಂದಲ್ಲ. ಸಂಯೋಜನೆಗೆ ಕಾಲೇಜು ಪ್ರತ್ಯೇಕ ಅನುಮತಿ ಪಡೆಯಬೇಕು, ಹುದ್ದೆ ಮಂಜೂರಾಗಬೇಕು.

ಮೇಷ್ಟ್ರು ಇದ್ದಾರೆ, ಡಿಗ್ರಿ ಇಲ್ಲ

ನನ್ನ ಮಟ್ಟಿಗೆ ಇಡೀ ವಿಷಯದ ಗಂಟು ಇರುವುದು ಇಲ್ಲಿ.

ಹಾಸನ ಜಿಲ್ಲೆಯಲ್ಲಿ ನಾಟಕಕ್ಕೆ ಬರವಿಲ್ಲ. ಸುಗ್ಗಿ ಮುಗಿದ ಮೇಲೆ ಊರೂರಲ್ಲಿ ಕುರುಕ್ಷೇತ್ರದ ತಾಲೀಮು. ಹಾಸನಾಂಬ ಕಲಾಕ್ಷೇತ್ರದಲ್ಲಿ ಪೌರಾಣಿಕ ನಾಟಕದ ಬ್ಯಾನರ್ ಇಳಿಯುವುದೇ ಅಪರೂಪ. ರೈತರು, ಡ್ರೈವರ್‌ಗಳು, ಗುಮಾಸ್ತರು ತಮ್ಮ ಪಾತ್ರಕ್ಕೆ ತಾವೇ ದುಡ್ಡು ಹಾಕಿ ಆಡುತ್ತಾರೆ. ಇದೆಲ್ಲವನ್ನೂ ನಡೆಸುವವರು ಹಾರ್ಮೋನಿಯಂ ಮೇಷ್ಟ್ರು. ಅವರ ಕೆಲಸ ಬರೀ ಪೆಟ್ಟಿಗೆ ನುಡಿಸುವುದಲ್ಲ. ಯಾರ ಕಂಠಕ್ಕೆ ಯಾವ ಶ್ರುತಿ ಕೂಡುತ್ತದೆಂದು ನೋಡಿ ಪಾತ್ರ ಹಂಚುತ್ತಾರೆ, ಅಕ್ಷರ ತಡವರಿಸುವವನಿಗೂ ಕಂದಪದ್ಯ ಬಾಯಿಪಾಠ ಮಾಡಿಸುತ್ತಾರೆ, ದುರ್ಯೋಧನ ಯಾವ ಮಾತಿಗೆ ಒಂದು ಹೆಜ್ಜೆ ಮುಂದಿಡಬೇಕು ಎಂದು ತಿಂಗಳುಗಟ್ಟಲೆ ತಿದ್ದುತ್ತಾರೆ. ಎ ಲೆವೆಲ್ ಪಠ್ಯಕ್ರಮ 'ನಿರ್ದೇಶನ' ಎನ್ನುವುದರ ಬಹುಪಾಲು ಇದೇ. ಶೃಂಗೇರಿ, ಕೊಪ್ಪದ ಕಡೆ ಈ ಜಾಗದಲ್ಲಿ ಯಕ್ಷಗಾನದ ಭಾಗವತರಿದ್ದಾರೆ. ಹಾಸನ, ತುಮಕೂರು ಸೀಮೆಯಲ್ಲಿ ಮೂಡಲಪಾಯ ಎಂಬ ಬಯಲಾಟದ ಹಿರಿಯರಿದ್ದಾರೆ.

ಇವರಾರೂ ಪಿಯು ಉಪನ್ಯಾಸಕರಾಗಲಾರರು. ಆ ಹುದ್ದೆಗೆ ಕನಿಷ್ಠ ಶೇ 55 ಅಂಕದ ಸ್ನಾತಕೋತ್ತರ ಪದವಿ ಮತ್ತು ಬಿ.ಇಡಿ ಬೇಕು. ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರ 1980ರಿಂದ ತಂಡ ತಂಡವಾಗಿ ಯುವಜನರನ್ನು ತಯಾರು ಮಾಡಿದೆ. ಮೈಸೂರಿನ ರಂಗಾಯಣದಲ್ಲೂ ಡಿಪ್ಲೊಮಾ ಇದೆ. ಅಜ್ಜಂಪುರದ ಆಚೆ, ಜಿಲ್ಲೆಯ ಗಡಿ ದಾಟಿದರೆ ಸಿಗುವ ಸಾಣೇಹಳ್ಳಿಯಲ್ಲೂ ರಂಗಶಾಲೆ ಇದೆ. ಆದರೆ ಡಿಪ್ಲೊಮಾ ಎಂಬುದು ಎಂ.ಎ. ಅಲ್ಲ. ನಾಟಕದಲ್ಲಿ ಸ್ನಾತಕೋತ್ತರ ಪದವಿ ಕೊಡುವ ವಿಭಾಗಗಳು ರಾಜ್ಯದಲ್ಲಿ ಬೆರಳೆಣಿಕೆಯಷ್ಟು. ಸರ್ಕಾರಿ ಪ್ರೌಢಶಾಲೆಗಳಲ್ಲಿ ನಾಟಕ ಶಿಕ್ಷಕರ ಹುದ್ದೆ ಇಲ್ಲವೆಂದಲ್ಲ, ಕರ್ನಾಟಕ ಆ ಮಟ್ಟಿಗೆ ಹಲವು ರಾಜ್ಯಗಳಿಗಿಂತ ಮುಂದೆಯೇ ಇದೆ. ಆದರೆ ಶಾಲೆಗಳ ಸಂಖ್ಯೆಯ ಎದುರಿಗೆ ಅವು ಲೆಕ್ಕಕ್ಕಿಲ್ಲ.

ಪರಿಣಾಮ ಊಹಿಸುವುದು ಕಷ್ಟವಲ್ಲ. ಅರ್ಹತೆಯ ನಿಯಮ ಬದಲಿಸದೆ ವಿಷಯ ತಂದರೆ ಹುದ್ದೆ ಖಾಲಿ ಉಳಿಯುತ್ತದೆ. ಖಾಲಿ ಹುದ್ದೆಯ ಪೀರಿಯಡ್ ಕನ್ನಡ ಉಪನ್ಯಾಸಕರ ಹೆಗಲಿಗೆ ಬೀಳುತ್ತದೆ. ಅವರು ತಮಗೆ ಗೊತ್ತಿರುವುದನ್ನು, ಅಂದರೆ ನಾಟಕ ಸಾಹಿತ್ಯದ ಚರಿತ್ರೆಯನ್ನು, ಪಾಠ ಮಾಡುತ್ತಾರೆ. ಎರಡನೇ ವರ್ಷಕ್ಕೆ ಬಸ್ ಸ್ಟ್ಯಾಂಡ್ ಪಕ್ಕದ ಪುಸ್ತಕದ ಅಂಗಡಿಯಲ್ಲಿ ಗೈಡು ಬರುತ್ತದೆ: ನವರಸಗಳನ್ನು ಪಟ್ಟಿ ಮಾಡಿ, ಐದು ಅಂಕ.

ಇಪ್ಪತ್ತು ಅಂಕದ ಭಯ

ರಂಗಭೂಮಿಯವರಲ್ಲೇ ಈ ಬಗ್ಗೆ ಒಮ್ಮತವಿಲ್ಲ. ಪರೀಕ್ಷೆಗೆ ಸಿಕ್ಕಿಸಿದರೆ ನಾಟಕದ ಜೀವ ಹೋಗುತ್ತದೆ, ಮಕ್ಕಳು ನಿರ್ಭಯವಾಗಿ ತಪ್ಪು ಮಾಡಲು ಉಳಿದಿರುವ ಒಂದೇ ಜಾಗವನ್ನೂ ಅಂಕ ನುಂಗುತ್ತದೆ ಎನ್ನುವವರಿದ್ದಾರೆ. ಅಂಕವಿಲ್ಲದ್ದಕ್ಕೆ ನಮ್ಮ ವ್ಯವಸ್ಥೆಯಲ್ಲಿ ಪೀರಿಯಡ್ಡೇ ಸಿಗುವುದಿಲ್ಲ, ಮೊದಲು ಒಳಗೆ ಬರೋಣ ಎನ್ನುವವರೂ ಇದ್ದಾರೆ. ಮೇಲೆ ಹೇಳಿದ ಡಿಸೆಂಬರ್ ತಿಂಗಳ ಚಿತ್ರ ನೋಡಿದರೆ ಎರಡನೆಯವರ ಮಾತು ಹೆಚ್ಚು ವಾಸ್ತವ ಎನಿಸುತ್ತದೆ. ಆದರೆ ಅಂಕ ಹೇಗೆ ಕೊಡುತ್ತೀರಿ ಎಂಬ ಪ್ರಶ್ನೆ ತಪ್ಪುವುದಿಲ್ಲ.

ದ್ವಿತೀಯ ಪಿಯುಸಿಯಲ್ಲಿ ವಿಜ್ಞಾನಕ್ಕೆ 30 ಅಂಕದ ಪ್ರಾಯೋಗಿಕ ಪರೀಕ್ಷೆ ಇದೆ. ಪ್ರಯೋಗವಿಲ್ಲದ ವಿಷಯಗಳಿಗೂ ಈಗ 20 ಅಂಕದ ಆಂತರಿಕ ಮೌಲ್ಯಮಾಪನ ಇದೆ. ಆ ಇಪ್ಪತ್ತನ್ನು ಕಾಲೇಜುಗಳು ಧಾರಾಳವಾಗಿ ಹಂಚುತ್ತವೆ ಎಂಬ ದೂರು ಎಲ್ಲರಿಗೂ ಗೊತ್ತಿರುವುದೇ. ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಬಣ್ಣ ಬದಲಾಯಿತೋ ಇಲ್ಲವೋ ಎಂದು ಹೊರಗಿನ ಪರೀಕ್ಷಕರು ನೋಡಬಹುದು. ನಟನೆಯಲ್ಲಿ ಆ ಬಣ್ಣ ಯಾವುದು? ಎಕ್ಯೂಎ ಕಂಡುಕೊಂಡ ಉಪಾಯ ಹೀಗಿದೆ: ಮಕ್ಕಳೇ ಕಟ್ಟಿದ ನಾಟಕಕ್ಕೆ ಶಾಲೆಯ ಶಿಕ್ಷಕರು ಅಂಕ ಹಾಕುತ್ತಾರೆ, ಮಂಡಳಿ ಅದನ್ನು ಮರುಪರಿಶೀಲಿಸುತ್ತದೆ. ರಂಗಕ್ಕೆ ತಂದ ದೃಶ್ಯಕ್ಕೆ ಮಂಡಳಿಯ ಪರೀಕ್ಷಕರೇ ಅಂಕ ಹಾಕುತ್ತಾರೆ. ಟಿಪ್ಪಣಿ ಪುಸ್ತಕ ಪಕ್ಕದಲ್ಲಿರುವುದರಿಂದ, ಆ ದಿನ ಗಂಟಲು ಕಟ್ಟಿದ ಮಗುವಿನ ಆರು ತಿಂಗಳ ಕೆಲಸವೂ ಕಾಣುತ್ತದೆ.

ನಮ್ಮಲ್ಲಿ ಇನ್ನೊಂದು ತೊಡಕು ಸೇರುತ್ತದೆ. 2024ರಿಂದ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ. ಐವರು ಸೇರಿ ಆಡಿದ ನಾಟಕದಲ್ಲಿ ಒಬ್ಬನು ಮಾತ್ರ ಪರೀಕ್ಷೆ-2 ಬರೆಯಬೇಕಾಗಿ ಬಂದರೆ ಉಳಿದ ನಾಲ್ವರನ್ನು ಎಲ್ಲಿಂದ ಕರೆತರುವುದು? ಪ್ರಾಯೋಗಿಕದ ಅಂಕ ಒಮ್ಮೆ ಬಂದರೆ ಹಾಗೇ ಮುಂದುವರಿಯುವಂತೆ ಮಾಡಿ, ಲಿಖಿತವನ್ನು ಮಾತ್ರ ಮರುಬರೆಸುವುದು ಇದಕ್ಕಿರುವ ಸರಳ ದಾರಿ. ಇಂಥ ಸಣ್ಣ ಸಂಗತಿಗಳನ್ನು ಯೋಚಿಸದೆ ಹೊರಡಿಸಿದ ಸುತ್ತೋಲೆ ಮೊದಲ ವರ್ಷವೇ ಮುಗ್ಗರಿಸುತ್ತದೆ.

ಮಳೆ, ಬಸ್ಸು, ತಗಡು

ಮಲೆನಾಡಿಗೆ ಬಂದರೆ ಪಠ್ಯಕ್ರಮಕ್ಕಿಂತ ವೇಳಾಪಟ್ಟಿಯೇ ದೊಡ್ಡ ಸಮಸ್ಯೆ. ನಾಟಕವೆಂದರೆ ಸಂಜೆ ತಾಲೀಮು ಎಂದು ಎಲ್ಲರ ಎಣಿಕೆ. ಮೂಡಿಗೆರೆ, ಸಕಲೇಶಪುರದ ಹಳ್ಳಿಗಳಿಂದ ಬರುವ ಹುಡುಗಿಯರಿಗೆ ಸಂಜೆಯ ಬಸ್ಸು ತಪ್ಪಿದರೆ ಬೇರೆ ಬಸ್ಸಿಲ್ಲ. ಶಕ್ತಿ ಯೋಜನೆಯಲ್ಲಿ ಟಿಕೆಟ್ ಉಚಿತವಾಗಿದೆ, ಬಸ್ಸಿನ ಸಮಯ ಬದಲಾಗಿಲ್ಲ. ಜುಲೈ, ಆಗಸ್ಟ್‌ನಲ್ಲಿ ಮಳೆ ರಜೆ ಬೇರೆ. ರಜೆಯಿಲ್ಲದ ದಿನ ತಗಡಿನ ಚಾವಣಿಯ ಸಭಾಂಗಣದಲ್ಲಿ ಎರಡನೇ ಸಾಲಿಗೇ ಮಾತು ಕೇಳುವುದಿಲ್ಲ. ಆದ್ದರಿಂದ ಅಭ್ಯಾಸವೆಲ್ಲ ಕಾಲೇಜಿನ ಹೊತ್ತಿನೊಳಗೆ, ಲ್ಯಾಬ್ ಅವಧಿಯಂತೆ ಎರಡು ಪೀರಿಯಡ್ ಜೋಡಿಸಿ ನಡೆಯಬೇಕು. ಇಲ್ಲವಾದರೆ ನಾಟಕ ಊರಿನೊಳಗಿನ ಗಂಡುಮಕ್ಕಳ ವಿಷಯವಾಗಿಬಿಡುತ್ತದೆ.

ಯಾವ ಬಾಗಿಲಿನಿಂದ ಬಂದರೆ ಏನು

ದಾರಿಗಳು ಎರಡು ಕಾಣುತ್ತವೆ.

ಒಂದು, ಎಸ್ಸೆಸ್ಸೆಲ್ಸಿಯ ದಾರಿ. 2025ರ ಪರೀಕ್ಷೆಯಲ್ಲಿ ಅಲ್ಲಿ ಪ್ರಥಮ ಭಾಷೆಗೆ 125, ಉಳಿದ ಐದಕ್ಕೆ ತಲಾ 100, ಒಟ್ಟು 625 ಅಂಕ ಇತ್ತು. ಆಯ್ದ ಸರ್ಕಾರಿ ಶಾಲೆಗಳಲ್ಲಿ ತೃತೀಯ ಭಾಷೆಯ ಬದಲು ಕೌಶಲ ವಿಷಯ ತೆಗೆದುಕೊಳ್ಳಲು ಈಗಾಗಲೇ ಅವಕಾಶವಿದೆ. ಆಯೋಗ ಹೇಳಿದ ದ್ವಿಭಾಷಾ ಸೂತ್ರ ಜಾರಿಗೆ ಬಂದರೆ ಮೂರನೇ ಭಾಷೆಯ ಜಾಗವೇ ತೆರವಾಗುತ್ತದೆ. ಆ ಜಾಗಕ್ಕೆ ಕಂಪ್ಯೂಟರ್, ಕೌಶಲ, ದೈಹಿಕ ಶಿಕ್ಷಣ, ಕಲೆ ಎಲ್ಲವೂ ಟವೆಲ್ ಹಾಕುತ್ತವೆ. ನಾಟಕ ಆ ಸಾಲಿನಲ್ಲಿ ಹಿಂದೆ ನಿಂತಿದೆ. ಒಂದು ವೇಳೆ ಎಲ್ಲ ಶಾಲೆಗೂ ಕಡ್ಡಾಯ ಮಾಡಿದರೆ, ಶಿಕ್ಷಕರಿಲ್ಲದ ಕಾರಣ, ಗೈಡಿನ ನಾಟಕವೇ ಗತಿ.

ಎರಡು, ಪಿಯುಸಿಯ ದಾರಿ. ಆಯ್ದ ಕೆಲವೇ ಕಾಲೇಜುಗಳ ಕಲಾ ವಿಭಾಗದಲ್ಲಿ, ರಂಗಮಂದಿರ ಹತ್ತಿರವಿರುವ ಕಡೆ, ಸಂಗೀತದಂತೆ ಒಂದು ಐಚ್ಛಿಕ ವಿಷಯ. ಚಿಕ್ಕಮಗಳೂರಿನಲ್ಲಿ ಕುವೆಂಪು ಕಲಾಮಂದಿರ, ಹಾಸನದಲ್ಲಿ ಕಲಾಕ್ಷೇತ್ರ. ವರ್ಷಕ್ಕೊಮ್ಮೆ ಊರೂರು ಸುತ್ತುವ ನೀನಾಸಂ ತಿರುಗಾಟದ ಅಥವಾ ಸಾಣೇಹಳ್ಳಿಯ ಶಿವಸಂಚಾರ ತಂಡದ ನಾಟಕ ಬಂದಾಗ ಅದನ್ನು ನೋಡುವುದೇ ಲಿಖಿತ ಪತ್ರಿಕೆಯ ಪಾಠ. ಉಪನ್ಯಾಸಕ ಹುದ್ದೆಗೆ ರಂಗಶಿಕ್ಷಣದ ಡಿಪ್ಲೊಮಾವನ್ನೂ ಅನುಭವವನ್ನೂ ಪರಿಗಣಿಸುವ ವಿಶೇಷ ನಿಯಮ, ಪ್ರಾಯೋಗಿಕ ಅವಧಿಗೆ ಊರ ಹಾರ್ಮೋನಿಯಂ ಮೇಷ್ಟ್ರನ್ನೋ ಭಾಗವತರನ್ನೋ ಗೌರವಧನದ ಮೇಲೆ ಕರೆಯುವ ಅವಕಾಶ. ಮೊದಲ ವರ್ಷ ಹದಿನೈದು ಮಕ್ಕಳು ಬಂದರೂ ಸಾಕು, ಅವರಿಗೆ ನಿಜವಾದ ನಾಟಕ ಸಿಗುತ್ತದೆ. 9ರಿಂದ 12ರ ಒಂದೇ ಘಟ್ಟ ಜಾರಿಗೆ ಬಂದರೆ ಈ ವಿಷಯವನ್ನು ನಾಲ್ಕು ವರ್ಷಕ್ಕೆ ಹರಡುವುದೂ ಸುಲಭ. ಖರ್ಚು ಕಡಿಮೆ, ಹೆಸರು ಕೂಡ ಕಡಿಮೆ. ಎರಡನೆಯ ಕಾರಣಕ್ಕೇ ಯಾವ ಸಚಿವರಿಗೂ ಇದು ರುಚಿಸಲಿಕ್ಕಿಲ್ಲ.

ಏನೂ ಮಾಡದೆ ಬಿಟ್ಟರೆ ಏನಾಗುತ್ತದೆ ಎಂಬುದನ್ನು ಈಗಲೇ ನೋಡಬಹುದು. ಬೆಂಗಳೂರಿನ ದುಬಾರಿ ಅಂತರರಾಷ್ಟ್ರೀಯ ಶಾಲೆಗಳು ಅನುಸರಿಸುವ ಐಬಿ ಮತ್ತು ಕೇಂಬ್ರಿಜ್ ಪಠ್ಯಕ್ರಮಗಳಲ್ಲಿ ನಾಟಕ ಪರೀಕ್ಷಾ ವಿಷಯವೇ. ಕರಾವಳಿಯ ಕೆಲವು ಖಾಸಗಿ ಕಾಲೇಜುಗಳು ಕಲೆಯಲ್ಲಿ ಮುಂದಿರುವ ಮಕ್ಕಳಿಗೆ ಉಚಿತ ಸೀಟು ಕೊಟ್ಟು ಕರೆದುಕೊಳ್ಳುತ್ತವೆ. ಪ್ರತಿಭಾ ಕಾರಂಜಿಯಲ್ಲಿ ಬಹುಮಾನ ಗೆದ್ದ ಹಾಸನದ ಹುಡುಗ ಘಾಟಿ ಇಳಿಯುತ್ತಾನೆ.

ಈ ಜೂನ್‌ನಲ್ಲಿ ಸೇರುವವರಿಗೆ

ರಾಜ್ಯ ಪಠ್ಯಕ್ರಮದ ಕಾಲೇಜಿಗೆ ಸೇರುವವರು ಸಂಯೋಜನೆಗಳ ಪಟ್ಟಿಯಲ್ಲಿ ನಾಟಕ ಹುಡುಕುವುದು ಬೇಡ. ಸಿಬಿಎಸ್‌ಇ ಶಾಲೆಗೆ ಸೇರುವವರು ಆ ಶಾಲೆ ಯಾವ ವಿಷಯಕ್ಕೆ ಶಿಕ್ಷಕರನ್ನು ಇಟ್ಟುಕೊಂಡಿದೆ ಎಂದು ಕಚೇರಿಯಲ್ಲೇ ಕೇಳಬೇಕು, ಮಂಡಳಿಯ ಪಟ್ಟಿಯನ್ನು ನಂಬಿ ಕೂರಬಾರದು. ಪಿಯುಸಿಯ ಯಾವ ವಿಭಾಗ ಓದಿದರೂ ಮುಂದೆ ನಾಟಕದ ದಾರಿ ಮುಚ್ಚುವುದಿಲ್ಲ. ಮೈಸೂರಿನ ಗಂಗೂಬಾಯಿ ಹಾನಗಲ್ ಸಂಗೀತ ಮತ್ತು ಪ್ರದರ್ಶಕ ಕಲೆಗಳ ವಿಶ್ವವಿದ್ಯಾಲಯದಲ್ಲಿ ನಾಟಕದ ಪದವಿ ಇದೆ, ಹೆಗ್ಗೋಡು, ರಂಗಾಯಣದ ಕೋರ್ಸುಗಳಿವೆ. ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಗೆ ಹೋಗುವ ಆಸೆ ಇದ್ದರೆ ಮೊದಲು ಯಾವುದಾದರೂ ಪದವಿ ಮುಗಿಸಲೇಬೇಕು, ಜೊತೆಗೆ ನಾಟಕ ಮಾಡಿದ ಅನುಭವವನ್ನೂ ತೋರಿಸಬೇಕು. ಆ ಅನುಭವಕ್ಕೆ ಅಂಕಪಟ್ಟಿ ಬೇಡ. ಊರಿನ ಕುರುಕ್ಷೇತ್ರದಲ್ಲಿ ಪರದೆ ಎಳೆದದ್ದೂ ಅಲ್ಲಿ ಹೇಳಿಕೊಳ್ಳಬಹುದಾದ ಮಾತೇ.